ಗೌರಿಯಂಥದೇ ಇನ್ನೊಂದು ಹಸು ಮಾಡಿಕೊಡ್ತೀರಾ?

ಕಳೆದ ತಿಂಗಳು ಒಂದು ಮಹಿಳಾ ಸಂಘದಲ್ಲಿ ಬರಡು ರಾಸುಗಳ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಸದಸ್ಯೆಯೊಬ್ಬರು ಹತ್ತಿರ ಬಂದರು. ಅವರ ಮನೆಯ ಗೌರಿ ಎಂಬ ಸೀಮೆಹಸು ನನಗೆ ಚೆನ್ನಾಗಿ ಗೊತ್ತು. ಆರು ಸೂಲು ಮುಗಿಸಿದೆ, ಒಂದು ಸಲವೂ ಕೆಚ್ಚಲು ಬಾವು ಕಂಡಿಲ್ಲ, ಚಿಕ್ಕ ಮಕ್ಕಳು ಹಾಲು ಕರೆದರೂ ಕಾಲು ಎತ್ತುವುದಿಲ್ಲ. ಅದರ ಹಾಲಿನ ದುಡ್ಡಿನಲ್ಲೇ ಅವರ ಮಗಳ ನರ್ಸಿಂಗ್ ಓದು ಮುಗಿದಿದೆ.

"ಡಾಕ್ಟ್ರೇ, ಇದಕ್ಕೆ ವಯಸ್ಸಾಯ್ತು. ಹಸುವಿನ ಮೈಯಿಂದ ಒಂದು ಚೂರು ತಗೊಂಡು ಅದೇ ಥರದ ಕರು ಹುಟ್ಟಿಸ್ತಾರಂತೆ, ಮೊಬೈಲಲ್ಲಿ ನೋಡಿದೆ. ನಮ್ಮ ಗೌರಿಯಂಥದೇ ಇನ್ನೊಂದು ಮಾಡಿಕೊಡ್ತೀರಾ?"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿದ್ದು ಸುಳ್ಳು ಸುದ್ದಿಯಲ್ಲ, ನಮ್ಮ ದೇಶದಲ್ಲೇ ನಡೆದಿರುವ ಕೆಲಸ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ಮೊದಲ ತದ್ರೂಪಿ ಎಮ್ಮೆ ಕರು ಹುಟ್ಟಿತು. ಅದು ಒಂದು ವಾರವೂ ಬದುಕಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎಂಬ ಕರು ಎರಡು ವರ್ಷ ದಾಟಿ ಸತ್ತಿತು. 2010ರಲ್ಲಿ ಹುಟ್ಟಿದ ಎರಡನೇ ಗರಿಮಾ ಬೆಳೆದು, ಗಬ್ಬವಾಗಿ, 2013ರ ಜನವರಿಯಲ್ಲಿ ಎಲ್ಲ ಎಮ್ಮೆಗಳಂತೆ ಕರು ಹಾಕಿತು. 2023ರ ಮಾರ್ಚ್‌ನಲ್ಲಿ ಅಲ್ಲಿಯೇ ಗಿರ್ ತಳಿಯ ತದ್ರೂಪಿ ಹೆಣ್ಣು ಕರು ಹುಟ್ಟಿತು. ಅದಕ್ಕೆ ಗಂಗಾ ಎಂದು ಹೆಸರಿಟ್ಟರು.

ಇದನ್ನು ಮಾಡುವ ರೀತಿ ಹೀಗಿದೆ. ಯಾವ ಹಸುವಿನ ತದ್ರೂಪು ಬೇಕೋ ಅದರ ಚರ್ಮದಿಂದಲೋ ಬೇರೆ ಕಡೆಯಿಂದಲೋ ಒಂದು ಜೀವಕೋಶ ತೆಗೆದುಕೊಳ್ಳುತ್ತಾರೆ. ಆ ಹಸುವಿನ ಎಲ್ಲ ವಂಶವಾಹಿಗಳು, ಅಂದರೆ ಜೀನ್‌ಗಳು, ಆ ಕೋಶದ ತಿರುಳಿನಲ್ಲಿ ಇರುತ್ತವೆ. ಇನ್ನೊಂದು ಹಸುವಿನ ಅಂಡಾಣು ತಂದು, ಅದರ ತಿರುಳು ತೆಗೆದುಹಾಕಿ, ಮೊದಲಿನ ಹಸುವಿನ ಕೋಶವನ್ನು ಅದಕ್ಕೆ ಸೇರಿಸುತ್ತಾರೆ. ಭ್ರೂಣ ಬೆಳೆಯಲು ಶುರುವಾದರೆ ಮೂರನೇ ಹಸುವಿನ ಗರ್ಭದಲ್ಲಿ ಇಡುತ್ತಾರೆ. ಗಂಗಾ ಹುಟ್ಟಿದ್ದೂ ಹಾಗೆಯೇ. ಕೋಶ ಗಿರ್ ಹಸುವಿನದು, ಅಂಡಾಣು ಸಾಹಿವಾಲ್ ಹಸುವಿನದು, ಹೊತ್ತು ಹೆತ್ತಿದ್ದು ಮಿಶ್ರತಳಿ ಹಸು. ಹೋರಿಯ ಪಾತ್ರ ಇಲ್ಲವೇ ಇಲ್ಲ.

ಇಷ್ಟು ವಿವರಿಸುವಷ್ಟರಲ್ಲಿ ಗೌರಿಯ ಯಜಮಾನಿ ಕೇಳಿದರು: "ಹೊತ್ತುಕೊಂಡ ಆ ಮೂರನೇ ಹಸು ಏನಾಯ್ತು?"

ಈ ಪ್ರಶ್ನೆ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಓದುವಾಗ ಆ ಹಸುವನ್ನು 'ಬಾಡಿಗೆ ತಾಯಿ' ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿದ್ದೆವು. ಆದರೆ ತದ್ರೂಪಿ ಸೃಷ್ಟಿಯ ಬಗ್ಗೆ ಪ್ರಪಂಚದಲ್ಲಿ ನಡೆದಿರುವ ನ್ಯಾಯ ಅನ್ಯಾಯದ ಚರ್ಚೆಯ ಅರ್ಧ ಭಾಗ ಆ ಹಸುವಿನದೇ.

ಸ್ಕಾಟ್ಲೆಂಡ್‌ನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈನಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯ ಹೆಸರು ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲೂ ಇರಬಹುದು. ಅದು ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ ಹುಟ್ಟಿದ್ದು. ಅದಕ್ಕಾಗಿ ವಿಜ್ಞಾನಿಗಳು 277 ಅಂಡಾಣುಗಳಿಗೆ ಕೋಶ ಸೇರಿಸಿದರು. ಗರ್ಭದಲ್ಲಿ ಇಡುವ ಮಟ್ಟಕ್ಕೆ ಬೆಳೆದ ಭ್ರೂಣಗಳು 29. ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟರು. ಬದುಕಿ ಉಳಿದ ಮರಿ ಒಂದೇ. ಅಂದಿನಿಂದ ಕೆಲಸ ಸುಧಾರಿಸಿದೆ, ನಿಜ. ಆದರೂ ಹಸುಗಳಲ್ಲಿ ಗರ್ಭಕ್ಕೆ ಇಟ್ಟ ಹೆಚ್ಚಿನ ತದ್ರೂಪಿ ಭ್ರೂಣಗಳು ಕರುವಾಗಿ ಹೊರಬರುವುದಿಲ್ಲ. ಕೆಲವು ಮೊದಲ ತಿಂಗಳಲ್ಲೇ ಹೋಗುತ್ತವೆ, ಕೆಲವು ತುಂಬಿದ ಗಬ್ಬದಲ್ಲಿ ಹೋಗುತ್ತವೆ. ಮಾಸು ಸರಿಯಾಗಿ ಬೆಳೆಯದೆ ಗರ್ಭದಲ್ಲಿ ವಿಪರೀತ ನೀರು ತುಂಬಿಕೊಳ್ಳುವುದುಂಟು. ಕರು ಅಳತೆ ಮೀರಿ ಬೆಳೆದು, ಹೊಟ್ಟೆ ಕೊಯ್ದು ತೆಗೆಯಬೇಕಾಗುವುದುಂಟು. ಹುಟ್ಟಿದ ಮೇಲೂ ಉಸಿರಾಟ, ಹೃದಯದ ತೊಂದರೆಯಿಂದ ಕೆಲವು ಕರುಗಳು ಸಾಯುತ್ತವೆ.

ಏಳೆಂಟು ತಿಂಗಳ ಗಬ್ಬದ ಹಸು ಕಂದು ಹಾಕಿದಾಗ ಕೊಟ್ಟಿಗೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

2008ನೇ ಇಸವಿಯಲ್ಲಿ ಎರಡು ಕಡೆಯಿಂದ ಎರಡು ಮಾತು ಬಂತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ತದ್ರೂಪಿ ಹಸುಗಳ ಹಾಲು ಸಾಮಾನ್ಯ ಹಸುವಿನ ಹಾಲಿನಷ್ಟೇ ಸುರಕ್ಷಿತ ಎಂದಿತು. ಯುರೋಪಿನ ನೀತಿ ವಿಚಾರ ಸಮಿತಿ, ಹೊರುವ ತಾಯಿಗೂ ಹುಟ್ಟುವ ಕರುವಿಗೂ ಇಷ್ಟು ನೋವಿರುವಾಗ ಆಹಾರಕ್ಕಾಗಿ ತದ್ರೂಪಿ ಮಾಡುವುದು ಸರಿಯೇ ಎಂಬುದೇ ಅನುಮಾನ ಎಂದಿತು. 2015ರಲ್ಲಿ ಯುರೋಪಿನ ಸಂಸತ್ತು ಇದನ್ನು ನಿಷೇಧಿಸಬೇಕೆಂದು ಮತ ಹಾಕಿತು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೇನಲ್ಲ. 'ಕುಡಿದರೆ ಏನಾದರೂ ಆಗುತ್ತದೆಯೇ' ಎಂಬುದು ಒಂದು ಪ್ರಶ್ನೆ. 'ಹಾಗೆ ಮಾಡಬಹುದೇ' ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಾನೂ ನೀವೂ ಉತ್ತರ ಹುಡುಕಬೇಕು. ಇದರಲ್ಲಿ ನನ್ನ ಡಿಗ್ರಿಗೆ ನಿಮ್ಮ ಅನುಭವಕ್ಕಿಂತ ಹೆಚ್ಚಿನ ಬೆಲೆಯೇನಿಲ್ಲ.

ಇನ್ನೊಂದು ವಿಷಯ. ಅಷ್ಟೆಲ್ಲ ಮಾಡಿದರೂ ಹುಟ್ಟುವುದು ಗೌರಿಯಲ್ಲ. ಕಪ್ಪು ಬಿಳಿ ಹಸುವಿನ ತದ್ರೂಪಿಯಲ್ಲಿ ಮೈಮೇಲಿನ ಮಚ್ಚೆಗಳು ಕೂಡ ಅದೇ ಜಾಗದಲ್ಲಿ ಬರುವುದಿಲ್ಲ. ಹಾಲಂತೂ ಮೇವು, ನೀರು, ಕರುವಾಗಿದ್ದಾಗ ಕುಡಿದ ಗಿಣ್ಣು ಹಾಲು, ಕೊಟ್ಟಿಗೆಯ ಗಾಳಿ ಬೆಳಕು, ಸಾಕುವವರ ಕೈಗುಣ ಎಲ್ಲವನ್ನೂ ಅವಲಂಬಿಸಿದೆ. ಗೌರಿಯ ಒಳ್ಳೆಯತನದಲ್ಲಿ ಆ ಮನೆಯವರ ಪಾಲು ಎಷ್ಟಿದೆಯೆಂದು ಯಾವ ಕೋಶದಲ್ಲೂ ಬರೆದಿರುವುದಿಲ್ಲ.

ತದ್ರೂಪಿ ಮಾಡುವುದು ಇದ್ದದ್ದನ್ನೇ ಇನ್ನೊಮ್ಮೆ ಮಾಡುವ ಕೆಲಸ. ಜೀನ್ ತಿದ್ದುವುದು ಇದಕ್ಕಿಂತ ಬೇರೆ, ಇಲ್ಲದ್ದನ್ನು ಸೇರಿಸುವ ಅಥವಾ ಇದ್ದದ್ದನ್ನು ಬದಲಿಸುವ ಕೆಲಸ. ಇಲ್ಲಿ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಂದು ಕಡೆಗೆ ವಾಲುವುದಿಲ್ಲ. ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಜೆರ್ಸಿ ಹಸುಗಳಿಗೆ ಒಂದು ಜೀನ್ ಸೇರಿಸಿ, ಕೆಚ್ಚಲು ಬಾವು ತರುವ ಒಂದು ಜಾತಿಯ ರೋಗಾಣುವನ್ನು ಹಾಲಿನಲ್ಲೇ ಕೊಲ್ಲುವಂತೆ ಮಾಡಿದರು. 2005ರಲ್ಲಿ ಅದರ ವರದಿ ಬಂತು. ಕೆಚ್ಚಲು ಬಾವಿನಿಂದ ಒಂದು ಮೊಲೆ ಕೆಟ್ಟ ಹಸು, ಸಂಘದಲ್ಲಿ ತಿರಸ್ಕಾರವಾದ ಹಾಲು, ಔಷಧಿಯ ಬಿಲ್ಲು, ಇವನ್ನು ದಿನವೂ ನೋಡುವ ನನಗೆ ಅದು ಕೆಟ್ಟ ಕೆಲಸ ಎನ್ನಲು ಬಾಯಿ ಬರುವುದಿಲ್ಲ. ಆ ಹಸುಗಳ ಹಾಲು ಮಾರುಕಟ್ಟೆಗೆ ಬರಲಿಲ್ಲ.

ಅಮೆರಿಕದ ಒಂದು ಕಂಪನಿ ಹಾಲಿನ ತಳಿಯಲ್ಲಿ ಕೊಂಬಿಲ್ಲದ ಹೋರಿಗಳನ್ನು ಮಾಡಿತು. 2015ರಲ್ಲಿ ಅಂಥ ಎರಡು ಕರು ಹುಟ್ಟಿದವು. ಕರುವಿನ ಕೊಂಬು ಸುಡುವಾಗ ಆಗುವ ನೋವು ತಪ್ಪಲಿ ಎಂಬ ಉದ್ದೇಶ ಒಳ್ಳೆಯದೇ. ಬೇರೇನೂ ಸೇರಿಲ್ಲ, ಎಲ್ಲ ಶುದ್ಧವಾಗಿದೆ ಎಂದೇ ಅವರು ನಂಬಿದ್ದರು. 2019ರಲ್ಲಿ ಸರ್ಕಾರಿ ವಿಜ್ಞಾನಿಗಳು ಅದೇ ಹೋರಿಯ ಜೀನ್‌ಗಳನ್ನು ಮತ್ತೆ ನೋಡಿದಾಗ, ತಿದ್ದಲು ಬಳಸಿದ ಬ್ಯಾಕ್ಟೀರಿಯಾದ ತುಣುಕು ಒಳಗೇ ಉಳಿದಿತ್ತು. ಅದರಲ್ಲಿ ಆಂಟಿಬಯೋಟಿಕ್ ಔಷಧಿಗೆ ಜಗ್ಗದಿರುವ ಗುಣದ ಜೀನ್ ಕೂಡ ಇತ್ತು. ಮೋಸ ಅಂತಲ್ಲ, ಹುಡುಕಿರಲಿಲ್ಲ, ಅಷ್ಟೆ. ಕೊಂಬಿಲ್ಲದ ಹೋರಿಗಳು ಆ ತಳಿಯಲ್ಲಿ ಮೊದಲಿನಿಂದಲೂ ಅಲ್ಲೊಂದು ಇಲ್ಲೊಂದು ಇವೆ. ಅವುಗಳಿಂದ ತಳಿ ಬೆಳೆಸಿದರೂ ಅದೇ ಫಲ ಸಿಗುತ್ತದೆ, ನಿಧಾನವಾಗಿ.

2022ರಲ್ಲಿ ಅಮೆರಿಕದಲ್ಲಿ, ಬಿಸಿಲು ತಡೆಯಲೆಂದು ಗಿಡ್ಡ ಕೂದಲು ಬರುವಂತೆ ಜೀನ್ ತಿದ್ದಿದ ಮಾಂಸದ ದನಗಳಿಗೆ ಅನುಮತಿಯ ದಾರಿ ತೆರೆಯಿತು. ಸುಡುವ ಏಪ್ರಿಲ್‌ನಲ್ಲಿ ತಗಡಿನ ಶೀಟಿನ ಕೆಳಗೆ ಏದುಸಿರು ಬಿಡುವ ಸೀಮೆಹಸುವನ್ನು ಕಂಡಾಗ ಇದು ನೆನಪಾಗುತ್ತದೆ. ಒಳ್ಳೆಯದಾಗಬಹುದು. ಆದರೆ ಬಿಸಿ ತಡೆಯುವ ಹಸು ಸಿಕ್ಕಿದ ಮೇಲೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವವರು ಯಾರು? ಪ್ರಾಣಿಯ ಕಷ್ಟ ಕಡಿಮೆ ಮಾಡುವುದು ಬೇರೆ, ಕಷ್ಟ ತಡೆದುಕೊಳ್ಳುವಂತೆ ಪ್ರಾಣಿಯನ್ನೇ ಬದಲಿಸುವುದು ಬೇರೆ. ಅಂದಹಾಗೆ, ಹಳ್ಳಿಕಾರ್, ಮಲೆನಾಡು ಗಿಡ್ಡಗಳಿಗೆ ಬಿಸಿಲು ತಡೆಯುವ ಗುಣವನ್ನು ಯಾರೂ ಸೇರಿಸಬೇಕಾಗಿಲ್ಲ.

ನಮ್ಮ ದೇಶದ ಕಾನೂನು ಏನನ್ನುತ್ತದೆ ಎಂದೂ ಕೆಲವರು ಕೇಳಿದರು. ಜೀನ್ ಬದಲಿಸಿದ ಜೀವಿಗಳನ್ನು ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ನಿಯಂತ್ರಿಸುತ್ತವೆ. ಅನುಮತಿಯಿಲ್ಲದೆ ತರುವಂತಿಲ್ಲ, ಬಳಸುವಂತಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಪ್ರಕಾರ ಪ್ರಾಣಿಯ ಮೇಲೆ ಪೇಟೆಂಟ್ ಕೊಡುವಂತಿಲ್ಲ. ಅಮೆರಿಕದಲ್ಲಿ ಹಾಗಿಲ್ಲ, ಜೀನ್ ಬದಲಿಸಿದ ಇಲಿಯೊಂದಕ್ಕೆ 1988ರಲ್ಲೇ ಪೇಟೆಂಟ್ ಕೊಟ್ಟಿದ್ದಾರೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕರು ಯಾರದು ಎಂಬ ಪ್ರಶ್ನೆ ಇಂದು ನಿಮಗೆ ವಿಚಿತ್ರ ಅನ್ನಿಸಬಹುದು. ಬಿತ್ತನೆ ಬೀಜದ ವಿಷಯದಲ್ಲಿಯೂ ನಮ್ಮ ಅಜ್ಜಿಯರಿಗೆ ಹಾಗೇ ಅನ್ನಿಸುತ್ತಿತ್ತು.

ತದ್ರೂಪಿ ಮಾಡುವವರಿಗೆ ಹಸುವಿಗಿಂತ ಹೋರಿಯ ಮೇಲೆ ಆಸೆ ಹೆಚ್ಚು. ಹಸು ವರ್ಷಕ್ಕೊಂದು ಕರು ಹಾಕಿದರೆ, ಒಳ್ಳೆಯ ಹೋರಿಯಿಂದ ಸಾವಿರಾರು ವೀರ್ಯ ನಳಿಕೆ ತಯಾರಾಗುತ್ತವೆ. ಹಿಸ್ಸಾರ್‌ನ ಕೇಂದ್ರೀಯ ಎಮ್ಮೆ ಸಂಶೋಧನಾ ಸಂಸ್ಥೆಯಲ್ಲಿ 2015ರಲ್ಲಿ ತದ್ರೂಪಿ ಮುರ್ರಾ ಕೋಣ ಹುಟ್ಟಿಸಿದ್ದು ಇದಕ್ಕೇ. ಇಲ್ಲಿ ಇನ್ನೊಂದು ಅಪಾಯವಿದೆ. ಅದಕ್ಕೆ ತದ್ರೂಪಿಯೇ ಬೇಕಿಲ್ಲ, ಬರೀ ನಳಿಕೆ ಸಾಕು ಎಂಬುದಕ್ಕೆ ಒಂದು ನಿಜವಾದ ಕಥೆಯಿದೆ.

1962ರಲ್ಲಿ ಅಮೆರಿಕದಲ್ಲಿ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದರ ಹೆಣ್ಣು ಕರುಗಳು ಕೊಡ ಕೊಡ ಹಾಲು ಕೊಟ್ಟವು. ಎಲ್ಲರಿಗೂ ಚೀಫ್ ಬೇಕಾಯಿತು. ಅದಕ್ಕೆ 16 ಸಾವಿರ ಹೆಣ್ಣು ಮಕ್ಕಳು, 5 ಲಕ್ಷ ಮೊಮ್ಮಕ್ಕಳು. ಆದರೆ ಅದರ ಒಂದು ಜೀನ್‌ನಲ್ಲಿ ದೋಷವಿತ್ತು. ಒಂದು ಕಡೆಯಿಂದ ಮಾತ್ರ ಬಂದರೆ ಏನೂ ಆಗದು, ಹಸು ಆರೋಗ್ಯವಾಗಿಯೇ ಇರುತ್ತದೆ. ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಚೀಫ್‌ನ ವಂಶದ ಹಸುವಿಗೆ ಚೀಫ್‌ನ ವಂಶದ ಹೋರಿಯ ವೀರ್ಯವೇ ಬೀಳುತ್ತಾ ಹೋಯಿತು. ಪ್ರಪಂಚದಾದ್ಯಂತ 5 ಲಕ್ಷಕ್ಕೂ ಹೆಚ್ಚು ಗಬ್ಬಗಳು ಇದರಿಂದ ಹಾಳಾದವು ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಹಸು ತಿರುಗಿ ಬೆದೆಗೆ ಬಂದಿದೆ, ಗಬ್ಬ ನಿಲ್ಲುತ್ತಿಲ್ಲ ಎಂದು ಹಸುವನ್ನೇ ದೂರಿದರು. ಇವತ್ತು ಹೋರಿಗಳ ರಕ್ತ ಪರೀಕ್ಷೆ ಮಾಡಿ ಈ ದೋಷ ಪತ್ತೆ ಹಚ್ಚಬಹುದು. ಚೀಫ್‌ನಿಂದ ಹೆಚ್ಚಾದ ಹಾಲಿನ ಲಾಭ ಈ ನಷ್ಟಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂಬುದನ್ನೂ ಹೇಳಬೇಕು. ಆದರೆ ಲಾಭ ಒಬ್ಬರ ಮನೆಗೆ, ಕಂದು ಹಾಕಿದ ಹಸು ಇನ್ನೊಬ್ಬರ ಮನೆಗೆ.

ನಮ್ಮ ಸೀಮೆಹಸುಗಳ ತಂದೆ ಕಡೆಯ ರಕ್ತ ಹೆಚ್ಚಾಗಿ ಅದೇ ಹೋಲ್‌ಸ್ಟೀನ್ ತಳಿಯದು. ಆದ್ದರಿಂದ ಈ ಕಥೆ ದೂರದ್ದಲ್ಲ. ಗರ್ಭಧಾರಣೆ ಮಾಡಿಸುವಾಗ ನೀವು ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ವೀರ್ಯ ನಳಿಕೆಯ ಮೇಲೆ ಹೋರಿಯ ನಂಬರು ಮುದ್ರಿಸಿರುತ್ತಾರೆ. ಸೂಜಿ ಹಾಕುವವರನ್ನು ಕೇಳಿ ಆ ನಂಬರು ಮತ್ತು ದಿನಾಂಕವನ್ನು ನಿಮ್ಮ ಹಸುವಿನ ಕಾರ್ಡಿನಲ್ಲಿ, ಕಿವಿ ಓಲೆಯ 12 ಅಂಕಿಯ ಪಕ್ಕದಲ್ಲಿ ಬರೆಸಿಕೊಳ್ಳಿ. ಆ ಸೂಲಿನಲ್ಲಿ ಹುಟ್ಟಿದ ಪಡ್ಡೆ ಬೆದೆಗೆ ಬಂದಾಗ ಅದೇ ಹೋರಿಯ ನಳಿಕೆ ಬೀಳಬಾರದು. ಅಪ್ಪನ ನಂಬರು ಗೊತ್ತಿಲ್ಲದಿದ್ದರೆ ನಾವೂ ತಪ್ಪಿಸಲಾರೆವು.

ಹೆಣ್ಣು ಕರು ಹುಟ್ಟುವ ನಳಿಕೆಯೂ 'ಜೀನ್ ಬದಲಿಸಿದ್ದು' ಎಂಬ ಭಯ ಹಲವರಲ್ಲಿದೆ. ಅದು ಹಾಗಲ್ಲ. ಹೆಣ್ಣು ಕರು ತರುವ ವೀರ್ಯಾಣುವಿನಲ್ಲಿ ವಂಶದ್ರವ್ಯ ಗಂಡಿನದಕ್ಕಿಂತ ಸುಮಾರು 3.8 ಶೇಕಡ ಹೆಚ್ಚಿರುತ್ತದೆ. ಆ ವ್ಯತ್ಯಾಸ ನೋಡಿ ಯಂತ್ರ ಬೇರೆ ಮಾಡುತ್ತದೆ, ಅಷ್ಟೇ. ಅಕ್ಕಿಯಿಂದ ನುಚ್ಚು ಬೇರೆ ಮಾಡಿದಂತೆ. ನೂರರಲ್ಲಿ ತೊಂಬತ್ತರಷ್ಟು ಹೆಣ್ಣು ಕರು ಬರುತ್ತವೆ. ಒಂದು ನಳಿಕೆಯಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರುವುದರಿಂದ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ. ಆರೋಗ್ಯವಾದ ಪಡ್ಡೆಗೆ, ಸರಿಯಾದ ಬೆದೆಯ ಸಮಯಕ್ಕೆ ಹಾಕಿಸಿದರೆ ಒಳ್ಳೆಯದು. ನಾನು ಇದರ ಪರ. ಸೀಮೆಹಸುವಿನ ಹೋರಿ ಕರುವಿಗೆ ಎಷ್ಟೋ ಕೊಟ್ಟಿಗೆಗಳಲ್ಲಿ ಗಿಣ್ಣು ಹಾಲೂ ಸರಿಯಾಗಿ ಸಿಗುವುದಿಲ್ಲ. ಅದನ್ನು ಉಳುಮೆಗೆ ಕೊಳ್ಳುವವರಿಲ್ಲ, ಸಾಕಲು ಮೇವಿಲ್ಲ, ಎಂಟು ಹತ್ತು ದಿನದಲ್ಲಿ ತಾನಾಗಿ ಸತ್ತಿತು ಎನ್ನುತ್ತಾರೆ. ತಾನಾಗಿ ಸಾಯುವುದಿಲ್ಲ. ಹುಟ್ಟಿಸಿ ಹಸಿವಿನಿಂದ ಕಳೆದುಕೊಳ್ಳುವುದಕ್ಕಿಂತ ಹುಟ್ಟದಿರುವುದು ವಾಸಿ. ಹುಟ್ಟಿದ್ದಕ್ಕೆ ಮಾತ್ರ, ಹೋರಿಯಾದರೂ ಸರಿ, ಮೊದಲ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕೊಡಿ.

ಗೌರಿಯ ಯಜಮಾನಿಗೆ ನಾನು, "ತದ್ರೂಪಿ ಆಗಲ್ಲಮ್ಮ, ಆದರೂ ನಾನು ಮಾಡಿಸು ಅನ್ನಲ್ಲ" ಎಂದೆ. ಗೌರಿಯ ಕೊನೆಯ ಸೂಲಿನ ಪಡ್ಡೆಯೊಂದು ಅದೇ ಕೊಟ್ಟಿಗೆಯಲ್ಲಿದೆ. ಅದರ ತಂದೆಯ ನಂಬರು ಸಂಘದ ಪುಸ್ತಕದಲ್ಲಿ ಸಿಕ್ಕಿತು. ಎರಡು ವಾರದ ನಂತರ ಪಡ್ಡೆ ಬೆದೆಗೆ ಬಂದಾಗ ಬೇರೆ ಹೋರಿಯ ನಳಿಕೆ ಹಾಕಿಸಿದೆವು. ಅವರು ಮಗಳಿಂದ ಆ ನಂಬರನ್ನು ಕಾರ್ಡಿನಲ್ಲಿ ಬರೆಸಿದರು. ಕಾರ್ಡು ಕಳೆದುಹೋದರೆ ಎಂದು ಕೊಟ್ಟಿಗೆಯ ಬಾಗಿಲ ಹಿಂದೆ ಇದ್ದಿಲಿನಿಂದಲೂ ಬರೆದಿಟ್ಟಿದ್ದಾರೆ.