ಒಬ್ಬರೇ ಹೊರಲಾರದ ವಿಮೆ

ಅಂಕೋಲಾ ತಾಲೂಕಿನ ಮಂಜಗುಣಿಯ ಬಳಿ ಗಂಗಾವಳಿ ನದಿಯು ಕಡಲನ್ನು ಸೇರುತ್ತದೆ. ಅಳಿವೆಯನ್ನು ದಾಟಿ ಮೀನು ಹಿಡಿಯಲು ಹೋಗುವ ದೋಣಿಯೊಂದರ ಒಡೆಯನು ಅದಕ್ಕೆ ವಿಮೆ ಇಳಿಸಬಯಸಿದನೆಂದು ಭಾವಿಸೋಣ. ಆ ದೋಣಿ ಈ ವರ್ಷ ಮುಳುಗುವುದೋ ಇಲ್ಲವೋ ಎಂಬುದನ್ನು ವಿಮಾ ಕಂಪನಿಯು ಹೇಳಲಾರದು. ಹೇಳಬೇಕಾದ ಅಗತ್ಯವೂ ಅದಕ್ಕಿಲ್ಲ. ತಲಾ ಐದು ಲಕ್ಷ ರೂಪಾಯಿ ಬೆಲೆಯ ಸಾವಿರ ದೋಣಿಗಳಲ್ಲಿ ವರ್ಷಕ್ಕೆ ಸರಾಸರಿ ಹತ್ತು ಮುಳುಗುವುವೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಒಟ್ಟು ನಷ್ಟ ಐವತ್ತು ಲಕ್ಷ. ದೋಣಿಯೊಂದಕ್ಕೆ ಐದು ಸಾವಿರ. ಇದರ ಮೇಲೆ ಖರ್ಚು, ಲಾಭಗಳನ್ನು ಸೇರಿಸಿದರೆ ವಿಮಾ ಕಂತು ಸಿದ್ಧವಾಯಿತು.

ಮಂಜಗುಣಿಯಿಂದ ನೇರ ರೇಖೆಯಲ್ಲಿ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರು ದೂರದಲ್ಲಿ, ಕಾಳೀ ನದಿಯ ದಡದಲ್ಲಿ, ಕೈಗಾ ಪರಮಾಣು ವಿದ್ಯುತ್ ಸ್ಥಾವರವಿದೆ. ತಲಾ ೨೨೦ ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿ ಒಂದಾದ ಮೇಲೊಂದರಂತೆ ತಲೆಯೆತ್ತಿದವು. ದೋಣಿಯ ಲೆಕ್ಕ ಇಲ್ಲಿ ನಡೆಯದು. ಇಂಥ ಸ್ಥಾವರಗಳು ಜಗತ್ತಿನಲ್ಲಿಯೇ ಕೆಲವು ನೂರು. ಘೋರ ಅಪಘಾತಗಳು ಬೆರಳೆಣಿಕೆಯಷ್ಟು. ಆದರೆ ಒಂದು ಸಂಭವಿಸಿದರೂ ನಷ್ಟಕ್ಕೆ ಎಲ್ಲೆಯಿಲ್ಲ. ಕೈಗಾದ ಮೊದಲನೆಯ ಘಟಕವು ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಹೆಮ್ಮೆಪಡಬೇಕಾದ ಸಂಗತಿಯೇ, ಆದರೆ ಒಂದು ಯಂತ್ರದ ಒಳ್ಳೆಯ ನಡತೆಯಿಂದ ಕಂತಿನ ದರ ಗೊತ್ತಾಗುವುದಿಲ್ಲ. ೧೯೯೪ರ ಮೇ ತಿಂಗಳಲ್ಲಿ ಅದೇ ಘಟಕದ ಗುಮ್ಮಟದ ಕಾಂಕ್ರೀಟು ಕುಸಿದಿತ್ತು. ಆಗಿನ್ನೂ ಇಂಧನವನ್ನು ತುಂಬಿರಲಿಲ್ಲವಾದುದರಿಂದ ಅದು ಬರಿಯ ಕಟ್ಟಡದ ನಷ್ಟ. ಅಂಥದನ್ನು ವಿಮೆಗಾರನು ಬಲ್ಲನು. ವಿಕಿರಣದ ನಷ್ಟವೇ ಬೇರೆ.

ಇಂಥ ಹೊರೆಯನ್ನು ಹಂಚಿಕೊಳ್ಳುವ ಪದ್ಧತಿ ಹಡಗಿನ ವ್ಯಾಪಾರದಲ್ಲಿ ಹಳೆಯದು. ಲಂಡನ್ನಿನಲ್ಲಿ ೧೭ನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನು ನಡೆಸುತ್ತಿದ್ದ ಕಾಫಿ ಅಂಗಡಿಗೆ ಹಡಗಿನ ವ್ಯವಹಾರಸ್ಥರು ಬರುತ್ತಿದ್ದರು. ಮುಂದೆ ಲಾಯ್ಡ್ಸ್ ಎಂದು ಪ್ರಸಿದ್ಧವಾದ ವಿಮಾಪೇಟೆಯ ಮೂಲ ಅದೇ. ಅಪಾಯದ ವಿವರವಿದ್ದ ಚೀಟಿಯ ಕೆಳಗೆ ಒಬ್ಬೊಬ್ಬನೂ ತಾನು ಹೊರುವ ಪಾಲನ್ನು ಬರೆದು ರುಜು ಹಾಕುವನು. ತನ್ನ ಪಾಲಿಗೆ ಮಾತ್ರ ಅವನು ಹೊಣೆ, ಪಕ್ಕದವನ ಪಾಲಿಗಲ್ಲ.

ಪರಮಾಣುವಿನ ವಿಷಯದಲ್ಲಿ ಇದೂ ಸಾಲದಾಯಿತು. ೧೯೫೦ರ ದಶಕದ ನಡುವಿನಲ್ಲಿ ಬ್ರಿಟನ್, ಅಮೆರಿಕಗಳ ವಿಮಾ ಕಂಪನಿಗಳು ಪ್ರತ್ಯೇಕ ಕೂಟಗಳನ್ನು ಕಟ್ಟಿಕೊಂಡವು. ಈ ಕೂಟಗಳಲ್ಲಿ ಒಂದು ಸೂಕ್ಷ್ಮವಾದ ನಿಯಮವಿದೆ. ಸಾಮಾನ್ಯವಾಗಿ ವಿಮಾ ಕಂಪನಿಯು ತನ್ನ ಹೊರೆಯ ಒಂದಂಶವನ್ನು ಇನ್ನೊಂದರ ಮೇಲೆ ಹೊರಿಸುತ್ತದೆ, ಇದು ಮರುವಿಮೆ. ಪರಮಾಣು ಕೂಟದ ಸದಸ್ಯನಾದರೋ ಸ್ವಂತ ಗಂಟಿನಿಂದ ತೆರಬಲ್ಲಷ್ಟನ್ನೇ ಒಪ್ಪಿಕೊಳ್ಳಬೇಕು. ಇಲ್ಲವಾದರೆ, ಮುಂಬಾಗಿಲಿನಿಂದ ದಾಟಿಸಿದ ನಷ್ಟವು ಮೂರು ಕೈ ಬದಲಾಯಿಸಿ ಹಿಂಬಾಗಿಲಿನಿಂದ ಅವನಲ್ಲಿಗೇ ಬಂದೀತು.

ಇದೇ ಕಾರಣದಿಂದ ಮನೆ, ವಾಹನಗಳ ಸಾಮಾನ್ಯ ಪಾಲಿಸಿಗಳು ವಿಕಿರಣದ ಹಾನಿಯನ್ನು ಹೊರಗಿಡುತ್ತವೆ. ಪಾಲಿಸಿಯ ಸಣ್ಣಕ್ಷರಗಳನ್ನು ಓದುವ ತಾಳ್ಮೆಯುಳ್ಳ ವಾಚಕರು ಇದನ್ನು ಕಂಡಿರಬಹುದು. ಕಂಪನಿಯ ಶಕ್ತಿಯೆಲ್ಲ ಸ್ಥಾವರದ ಒಂದೇ ಪಾಲಿಸಿಯಲ್ಲಿ ಕೂಡಿರಬೇಕು, ಸಾವಿರ ಮನೆಗಳ ಪಾಲಿಸಿಗಳಲ್ಲಿ ಚದುರಿರಬಾರದು ಎಂಬುದೇ ಉದ್ದೇಶ.

ಹಾಗಾದರೆ ಮನೆಯವನ ಗತಿಯೇನು? ಭಾರತದಲ್ಲಿ ೨೦೧೦ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಯು, ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲದೆಯೇ ಪರಿಹಾರದ ಹೊಣೆಯನ್ನು ಸ್ಥಾವರ ನಡೆಸುವವರ ಮೇಲಿರಿಸಿತು. ದೊಡ್ಡ ಸ್ಥಾವರಗಳಿಗೆ ಮಿತಿ ೧,೫೦೦ ಕೋಟಿ ರೂಪಾಯಿ. ಈ ಮೊತ್ತಕ್ಕೆ ವಿಮೆಯನ್ನೋ ಬೇರೆ ಭದ್ರತೆಯನ್ನೋ ತೋರಿಸಬೇಕಾಗಿತ್ತು. ೨೦೧೫ರ ಜೂನಿನಲ್ಲಿ ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್ನೂ ಬೇರೆ ಹನ್ನೊಂದು ಕಂಪನಿಗಳೂ ಸೇರಿ ಅಷ್ಟೇ ಶಕ್ತಿಯ ಭಾರತೀಯ ಪರಮಾಣು ವಿಮಾ ಕೂಟವನ್ನು ಸ್ಥಾಪಿಸಿದವು. ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಬೇರೊಂದು ಕಾಯ್ದೆಯನ್ನು ಅಂಗೀಕರಿಸಿ, ಸ್ಥಾವರದ ಗಾತ್ರಕ್ಕನುಗುಣವಾಗಿ ಮಿತಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ನಿಗದಿಪಡಿಸಿತು. ಮಿತಿ ಎಷ್ಟೇ ಇರಲಿ, ಅದರಾಚೆಯ ನಷ್ಟ ವಿಮೆಗಾರನದಲ್ಲ. ಸರಕಾರದ್ದು, ಅಥವಾ ನೊಂದವನದು.

ಕೂಟಗಳು ಹಣ ತೆತ್ತ ನಿದರ್ಶನವೂ ಉಂಟು. ೧೯೭೯ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಅಪಘಾತದಲ್ಲಿ ಊರು ಬಿಟ್ಟ ಕುಟುಂಬಗಳಿಗೆ ವಿಮಾ ಪ್ರತಿನಿಧಿಗಳು ಸ್ಥಳದಲ್ಲಿಯೇ ಕಚೇರಿ ತೆರೆದು ವಸತಿಯ ಖರ್ಚನ್ನು ಕೊಟ್ಟರು. ಮಂಜಗುಣಿಯ ಮೀನುಗಾರನ ಪ್ರಶ್ನೆ ಇನ್ನೂ ಜಟಿಲ. ಮನೆಗೂ ದೋಣಿಗೂ ಏನೂ ಆಗದೆ, ಕಡಲು ಕೆಟ್ಟಿತೆಂದು ಅವನ ಮೀನನ್ನು ಕೊಳ್ಳುವವರೇ ಇಲ್ಲವಾದರೆ? ಪರಿಸರವು ಗಣನೀಯವಾಗಿ ಕೆಟ್ಟು, ಅದನ್ನವಲಂಬಿಸಿದ ಆದಾಯ ನಿಂತರೆ ಅದನ್ನೂ ೨೦೧೦ರ ಕಾಯ್ದೆಯು ಪರಮಾಣು ಹಾನಿಯ ಅರ್ಥದೊಳಗೆ ಸೇರಿಸಿತ್ತು. ಬರಿಯ ವದಂತಿಯಿಂದ ಪೇಟೆ ಬಿದ್ದರೆ ಪರಿಹಾರ ಕೇಳುವುದು ಸುಲಭವಾಗಿರಲಿಲ್ಲ.