ತಿಳಿಸುವುದು ಬೇರೆ, ಹರಡುವುದು ಬೇರೆ

ದುಡಿಮೆಗಾಗಿ ಊರು ಬಿಟ್ಟು ಬಂದ ಕುಟುಂಬಗಳು ನಮ್ಮ ಮಣಿಕೊಂಡದಲ್ಲಿ ಅನೇಕ. ಅಂತಹ ಮನೆಯ, ಹದಿನೆಂಟು ದಾಟಿದ ತರುಣಿಯೊಬ್ಬಳು ಕಷ್ಟಕ್ಕೆ ಸಿಲುಕಿದಳೆಂದು ಭಾವಿಸೋಣ. ಅವಳು ತರಗತಿಗೆ ಬಾರದಿರುವುದನ್ನು ಉಪಾಧ್ಯಾಯರು ಬಲ್ಲರು. ಮೈಮೇಲಿನ ಗಾಯವನ್ನು ವೈದ್ಯರು ಬಲ್ಲರು. ಮನೆಯ ಜಗಳವನ್ನು ಪೊಲೀಸರು ಬಲ್ಲರು. ಮೂವರೂ ಬೇರೆಬೇರೆಯಾಗಿ ಸುಮ್ಮನಿದ್ದರೆ ಅವಳ ಸಂಕಟವು ಯಾರಿಗೂ ಪೂರ್ಣವಾಗಿ ತಿಳಿಯದು.

ಈ ಕೊರತೆಯನ್ನು ನೀಗುವ ಒಂದು ಮಾರ್ಗವು ಹೈದರಾಬಾದಿನಲ್ಲಿ 2016ರಲ್ಲಿ ಆರಂಭವಾದ ‘ಭರೋಸಾ’ ಕೇಂದ್ರ. ನೊಂದ ಮಹಿಳೆಯರಿಗೂ ಮಕ್ಕಳಿಗೂ ಪೊಲೀಸು, ವೈದ್ಯಕೀಯ, ಕಾನೂನು, ಆಪ್ತಸಲಹೆಗಳ ನೆರವನ್ನು ಒಂದೇ ಸೂರಿನಡಿ ಒದಗಿಸುವುದು ಅದರ ಉದ್ದೇಶ. ನೊಂದವರು ಹತ್ತು ಬಾಗಿಲು ತಟ್ಟಿ, ನಡೆದುದನ್ನು ಹತ್ತು ಬಾರಿ ಹೇಳುವ ನೋವು ಇದರಿಂದ ತಗ್ಗುವುದು. ಪಾಲನಾಲಯಗಳಲ್ಲಿ ಬೆಳೆದು 18 ತುಂಬಿ ಹೊರಬರುವವರಿಗೆ 21ರವರೆಗೆ ಆಸರೆಯಾಗುವ ಅನುಪಾಲನೆಯ ಏರ್ಪಾಡು 2015ರ ಬಾಲನ್ಯಾಯ ಕಾಯಿದೆಯಲ್ಲಿದೆ. ಅಲ್ಲಿಯೂ ಒಂದು ಕಚೇರಿಯ ಮಾಹಿತಿ ಇನ್ನೊಂದಕ್ಕೆ ಮುಟ್ಟದಿದ್ದರೆ ನೆರವು ಹಾದಿಯಲ್ಲಿಯೇ ನಿಲ್ಲುವುದು.

ಆದರೆ ತಿಳಿಸುವುದು ಬೇರೆ, ಹರಡುವುದು ಬೇರೆ. ಮಗುವಿನ ಹೆಸರು, ವಿಳಾಸ, ಶಾಲೆಗಳನ್ನು ಪತ್ರಿಕೆಗಳಲ್ಲಿ ಬಯಲುಮಾಡುವುದನ್ನು ಅದೇ ಕಾಯಿದೆಯ 74ನೆಯ ಕಲಮು ನಿಷೇಧಿಸಿದೆ. ವಯಸ್ಕರ ವಿಷಯದಲ್ಲಿ ಅವರ ಒಪ್ಪಿಗೆಯನ್ನು ಕೇಳುವುದು ಧರ್ಮ. ಪ್ರಾಣಾಪಾಯವಿದ್ದಲ್ಲಿ ಮಾತ್ರ ತಡಮಾಡಲಾಗದು. ಅಗತ್ಯವಿರುವಷ್ಟೇ ಸಂಗತಿಯು ನೆರವಾಗಬಲ್ಲವರಿಗಷ್ಟೇ ತಲುಪಬೇಕು.

ವಿದ್ಯಾರ್ಥಿಗಳೇ, ಗೆಳೆಯರ ಕಷ್ಟವನ್ನು ಕಂಡಾಗ ಆಡಿಕೊಳ್ಳಬೇಡಿರಿ, ಅಡಗಿಸಲೂ ಬೇಡಿರಿ. ನಂಬಿಕೆಯ ಹಿರಿಯರಿಗೆ ತಿಳಿಸಿರಿ. ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181 ಸಂಖ್ಯೆಯ ದೂರವಾಣಿಗಳಿವೆ. ಸಕಾಲದಲ್ಲಿ ಆಡಿದ ಒಂದು ಮಾತು ಒಂದು ಬಾಳನ್ನು ಉಳಿಸೀತು.