ಬಾಟಲಿಯ ಮುಂದೊಂದು, ಹಿಂದೊಂದು

ಅಕ್ಕಂದಿರೇ, ಕರು ಹಾಕಿದ ಹಸು ಏಳುತ್ತಿಲ್ಲ ಎಂದು ನೀವು ಫೋನ್ ಮಾಡಿದಾಗ ನಾನು ಮೊದಲು ಕೇಳುವುದು, ‘ಏನು ಕುಡಿಸಿದ್ರಿ?’ ಉತ್ತರ ಬಹುತೇಕ ಒಂದೇ: ‘ಅದೇ ಡಾಕ್ಟ್ರೇ, ಕ್ಯಾಲ್ ಅಂತ ಏನೋ.’ ಅಂಗಡಿಯಲ್ಲಿ ‘ಕ್ಯಾಲ್’ ಸೇರಿಸಿಕೊಂಡ ಹೆಸರುಗಳೇ ಸಾಲುಗಟ್ಟಿವೆ. ಉಚ್ಚಾರ ತಪ್ಪೀತೆಂದು ನಾಚಬೇಡಿ. ಕೆಲವು ನನಗೂ ನಾಲಿಗೆಗೆ ಹೊರಳುವುದಿಲ್ಲ. ಬಾಟಲಿ ಎಸೆಯದೆ ಇಟ್ಟಿರಿ, ಫೋಟೋ ಕಳಿಸಿ.

ಮುಂಭಾಗದಲ್ಲಿ ದಪ್ಪಕ್ಷರದ ‘ಹಾಲಿನ ಹೊಳೆ’. ಓದಬೇಕಾದದ್ದು ಹಿಂಭಾಗದ ಸಣ್ಣಕ್ಷರ: ಎಷ್ಟು ಕ್ಯಾಲ್ಸಿಯಂ, ಎಷ್ಟು ರಂಜಕ. ಪ್ರತಿ ಲೀಟರ್ ಹಾಲಿನೊಡನೆ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಅದನ್ನು ತುಂಬಲು ಟಾನಿಕ್ ನೆರವಾದೀತು. ಮೇವೇ ಸಾಲದಿದ್ದರೆ ಹೊಳೆ ಹರಿಯದು.

‘ಹಾಲು ಜ್ವರ’ ಎಂಬ ಹೆಸರೂ ಸುಳ್ಳೇ! ಮೈ ಬಿಸಿಯಿರದು, ಕಿವಿ ತಣ್ಣಗಿರುತ್ತದೆ, ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಮನೆಯವರು ಹೀಗೆ ಮಲಗಿದ ಹಸುವಿಗೆ ಟಾನಿಕ್ ಕುಡಿಸಿ ಬೆಳಗಿನವರೆಗೆ ಕಾದರು. ಹಸು ಉಳಿಯಲಿಲ್ಲ. ಆಗ ಬಾಯಿಗೆ ಏನನ್ನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ಕ್ಯಾಲ್ಸಿಯಂ ರಕ್ತನಾಳಕ್ಕೇ ಹೋಗಬೇಕು. ಹಸು ಒಂದೇ ಮಗ್ಗುಲಿಗೆ ಬೀಳದಂತೆ ಹುಲ್ಲಿನ ಮೂಟೆ ಒರಗಿಸಿ, ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ.